‘ಮೊದಲು ಕನ್ನಡ ಕಲಿ’ ಎನ್ನುವ ಮೊದಲು

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ಯುವಕ ಯುವತಿಯರ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಗೆ ಬರಲಾಗದ ಓದುಗರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



ನಾನು ಈ ವೇದಿಕೆ ಹತ್ತುವ ಮೊದಲು ಒಬ್ಬ ಗೆಳೆಯ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದ. “ಅಣ್ಣ, ಇವತ್ತು ಸ್ವಲ್ಪ ಶುದ್ಧವಾಗಿ ಮಾತಾಡಿ. ವಿಡಿಯೋ ಮಾಡ್ತಾ ಇದ್ದಾರೆ.”

ಅವನು ಹೇಳಿದ್ದು ಪ್ರೀತಿಯಿಂದಲೇ. ನನ್ನ ಮೇಲಿನ ಕಾಳಜಿಯಿಂದಲೇ. ನಾನು ಎಲ್ಲಿಯಾದರೂ ‘ಹೋಗಾನ’ ಎಂದುಬಿಟ್ಟರೆ, ‘ಐತಿ’ ಎಂದುಬಿಟ್ಟರೆ, ಆ ಹತ್ತು ಸೆಕೆಂಡನ್ನು ಕತ್ತರಿಸಿ, ಕೆಳಗೊಂದು ನಗುವ ಮುಖ ಅಂಟಿಸಿ, ಊರೆಲ್ಲ ಹಂಚುತ್ತಾರೆ ಎಂಬ ಭಯ ಅವನಿಗೆ. ಯೋಚಿಸಿ ನೋಡಿ. ಕನ್ನಡಿಗರೇ ತುಂಬಿರುವ ಸಭೆಯಲ್ಲಿ, ಕನ್ನಡದ ಹಬ್ಬದ ದಿನ, ಒಬ್ಬ ಕನ್ನಡಿಗ ತನ್ನ ತಾಯಿಯಿಂದ ಕಲಿತ ಕನ್ನಡವನ್ನು ಆಡಲು ಹೆದರಬೇಕು! ಹೆದರಬೇಕಾದ್ದು ಯಾರಿಗೆ? ಹಿಂದಿಯವರಿಗಲ್ಲ, ಇಂಗ್ಲಿಷಿನವರಿಗಲ್ಲ. ನಮಗೇ, ನಮ್ಮಂಥ ಕನ್ನಡಾಭಿಮಾನಿಗಳಿಗೇ!

ಇವತ್ತು ನಾನು ಹೊರಗಿನ ಶತ್ರುವಿನ ವಿರುದ್ಧ ಮಾತಾಡುವುದಿಲ್ಲ. ಅದನ್ನು ಬೇಕಾದಷ್ಟು ಮಾಡಿದ್ದೇವೆ, ಮುಂದೆಯೂ ಮಾಡೋಣ. ಇವತ್ತು ನಮ್ಮ ಮನೆಯೊಳಗಿನ ಕಸವನ್ನು ಗುಡಿಸೋಣ.

ನಾನೂ ನಕ್ಕಿದ್ದೆ

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದಿನ ಮಾತು. ನವೆಂಬರ್ ಒಂದನೇ ತಾರೀಖು. ನಮ್ಮ ಗೆಳೆಯರ ವಾಟ್ಸಾಪ್ ಗುಂಪಿಗೆ ನ್ಯಾಮತಿ ಕಡೆಯ ತಾಂಡಾವೊಂದರ ಹುಡುಗ ಒಂದು ಸಂದೇಶ ಹಾಕಿದ. ಪೀಣ್ಯದಲ್ಲಿ ಪಾಳಿಯ ಮೇಲೆ ದುಡಿಯುವ ಹುಡುಗ. ಬಾವುಟ ಕಟ್ಟುವುದಕ್ಕೆ, ಕುರ್ಚಿ ಹೊರುವುದಕ್ಕೆ, ಕರಪತ್ರ ಹಂಚುವುದಕ್ಕೆ ಯಾವಾಗಲೂ ಮುಂದೆ. ಅವನು ಬರೆದದ್ದು ಇಷ್ಟು: “ಎಲ್ಲರಿಗೂ ಕನ್ನಡ ರಾಜೋತ್ಸವದ ಆರ್ದಿಕ ಸುಭಾಶಯಗಳು. ಎಲ್ಲಾರು ಸೇರಿ ಕನ್ನಡ ಉಳಿಸಾನ, ಬೆಳೆಸಾನ.”

ಐದು ನಿಮಿಷ ಕಳೆಯುವಷ್ಟರಲ್ಲಿ ಒಬ್ಬ ಮಹಾಶಯ ಅದರ ಚಿತ್ರ ತೆಗೆದು, ತಪ್ಪುಗಳ ಸುತ್ತ ಕೆಂಪು ಗೆರೆ ಎಳೆದು, ಅದೇ ಗುಂಪಿಗೆ ಹಾಕಿದ. ಕೆಳಗೆ ಬರೆದ: “ಮೊದಲು ಕನ್ನಡ ಕಲಿ, ಆಮೇಲೆ ಉಳಿಸುವಿಯಂತೆ.” ಒಬ್ಬರ ಹಿಂದೆ ಒಬ್ಬರು ನಕ್ಕರು. ಬಂಧುಗಳೇ, ಆ ನಗುವ ಮುಖಗಳಲ್ಲಿ ಒಂದು ನನ್ನದೂ ಇತ್ತು.

ಆ ಹುಡುಗ ಜಗಳವಾಡಲಿಲ್ಲ. ಸುಮ್ಮನಾದ. ಮುಂದಿನ ವರ್ಷ ಅದೇ ದಿನ ಅವನಿಂದ ಮತ್ತೆ ಸಂದೇಶ ಬಂತು. ‘ಹ್ಯಾಪಿ ಕನ್ನಡ ರಾಜ್ಯೋತ್ಸವ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ. ಆ ಇಂಗ್ಲಿಷಿನಲ್ಲೂ ಒಂದು ಅಕ್ಷರ ತಪ್ಪಿತ್ತು. ಯಾರೂ ಗೆರೆ ಎಳೆಯಲಿಲ್ಲ. ಯಾರೂ ನಗಲಿಲ್ಲ. ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸಿದರು.

ಆಮೇಲೊಮ್ಮೆ ಅವನು ಊರಿನ ಬಸ್ಸಿನಲ್ಲಿ ಸಿಕ್ಕಿದಾಗ ಕೇಳಿದೆ: “ಯಾಕಪ್ಪಾ, ಕನ್ನಡದಲ್ಲಿ ಬರೆಯುವುದನ್ನೇ ಬಿಟ್ಟೆಯಲ್ಲ?” ಅವನು ಕಿಟಕಿಯ ಕಡೆ ನೋಡಿಕೊಂಡು ಹೇಳಿದ: “ಕನ್ನಡದಾಗೆ ಬರೆದ್ರೆ ನಗ್ತಾರಣ್ಣ. ಇಂಗ್ಲಿಷಿನಾಗೆ ಬರೆದ್ರೆ ಯಾರೂ ನಗಲ್ಲ.”

ಒಬ್ಬ ಕನ್ನಡಿಗನನ್ನು ಕನ್ನಡದಿಂದ ಹೊರದಬ್ಬುವುದಕ್ಕೆ ಯಾವ ಹಿಂದಿ ಹೇರಿಕೆಯೂ ಬೇಕಾಗಲಿಲ್ಲ. ನಮ್ಮ ನಗುವೇ ಸಾಕಾಯಿತು. ಅದೂ ಎಂಥವನನ್ನು? ಮನೆಯಲ್ಲಿ ಲಂಬಾಣಿ ಮಾತಾಡಿ, ಶಾಲೆಗೆ ಹೋದ ಮೇಲೆ ಕನ್ನಡ ಕಲಿತು, ಅದನ್ನು ತನ್ನದೇ ಎಂದು ಎದೆಗೆ ಅಪ್ಪಿಕೊಂಡವನನ್ನು! ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ನಿಮಗೆಲ್ಲ ಗೊತ್ತು. ಸಂತ ಸೇವಾಲಾಲರು ಹುಟ್ಟಿದ ಜಾಗವೆಂದು ಲಂಬಾಣಿ ಜನ ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತಾರೆ. ಆ ಮಣ್ಣಿನ ಮಕ್ಕಳು ಎರಡು ಭಾಷೆಯನ್ನು ಹೊತ್ತು ನಡೆಯುತ್ತಾರೆ. ಒಂದೇ ಭಾಷೆ ಹೊತ್ತ ನಾವು ಅವರ ಬೆನ್ನು ತಟ್ಟಬೇಕೋ, ಕಾಲು ಎಳೆಯಬೇಕೋ?

ಇನ್ನೊಂದು ವಿಚಿತ್ರ ನೋಡಿ. ಇದೇ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ದೊಡ್ಡ ಇಂಗ್ಲಿಷ್ ಶಾಲೆಯಲ್ಲಿ ಓದಿದ ತಾರೆಯೊಬ್ಬಳು “ನನ್ನ ಕನ್ನಡ ಸ್ವಲ್ಪ ವೀಕು” ಎಂದು ತೊದಲಿದರೆ “ಎಷ್ಟು ಮುದ್ದಾಗಿ ಮಾತಾಡ್ತಾಳೆ” ಎನ್ನುತ್ತೇವೆ. ನ್ಯಾಮತಿಯ ಹುಡುಗ ತಪ್ಪಿದರೆ “ಮೊದಲು ಕನ್ನಡ ಕಲಿ” ಎನ್ನುತ್ತೇವೆ. ಹಾಗಾದರೆ ನಾವು ಅಳೆಯುತ್ತಿರುವುದು ಕನ್ನಡವನ್ನೋ, ಜೇಬನ್ನೋ?

ನಾಲ್ಕು ತಾಲ್ಲೂಕು, ಒಂದು ಕೌದಿ

ಆ ಹುಡುಗನ ಎರಡು ವಾಕ್ಯವನ್ನೇ ಈಗ ಸಮಾಧಾನವಾಗಿ ಬಿಡಿಸಿ ನೋಡೋಣ. ನಾವು ‘ತಪ್ಪು’ ಎಂದು ಕೆಂಪು ಗೆರೆ ಎಳೆದದ್ದರಲ್ಲಿ ಎರಡು ಬಗೆ ಇವೆ. ‘ಆರ್ದಿಕ’, ‘ಸುಭಾಶಯ’, ‘ರಾಜೋತ್ಸವ’ ಎಂಬುದು ಕಾಗುಣಿತದ ಮಾತು. ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ‘ಉಳಿಸಾನ, ಬೆಳೆಸಾನ’? ಅದು ತಪ್ಪೇ? ಖಂಡಿತಾ ಅಲ್ಲ! ಅದು ನಮ್ಮೂರ ವ್ಯಾಕರಣ.

ವ್ಯಾಕರಣ ಎಂದರೆ ಏನು? ಪುಸ್ತಕದಲ್ಲಿ ಅಚ್ಚಾದದ್ದು ಮಾತ್ರವೇ? ಅಲ್ಲ. ಒಂದು ಕಟ್ಟುಪಾಡು ತಪ್ಪದೆ ನಡೆದರೆ ಅದೇ ವ್ಯಾಕರಣ. ನಮ್ಮ ಕಡೆ ‘ಮಾಡಾನ, ನೋಡಾನ, ಹೋಗಾನ, ತಿನ್ನಾನ’ ಎನ್ನುತ್ತೇವೆ. ‘ಮಾಡಾಕೆ, ನೋಡಾಕೆ, ಹೋಗಾಕೆ, ತಿನ್ನಾಕೆ’ ಎನ್ನುತ್ತೇವೆ. ಓದು ಬಾರದ ಅಜ್ಜಿಯೂ ಇದರಲ್ಲಿ ಒಂದು ದಿನ ಎಡವುವುದಿಲ್ಲ. ‘ಮಾಡೋಣ’ ಎಂಬುದಕ್ಕೆ ಎಷ್ಟು ನಿಯಮವಿದೆಯೋ ‘ಮಾಡಾನ’ ಎಂಬುದಕ್ಕೂ ಅಷ್ಟೇ ನಿಯಮವಿದೆ. ವ್ಯತ್ಯಾಸ ಒಂದೇ. ಒಂದನ್ನು ಪಠ್ಯಪುಸ್ತಕಕ್ಕೆ ಸೇರಿಸಿದರು, ಇನ್ನೊಂದನ್ನು ಸೇರಿಸಲಿಲ್ಲ.

ನಮ್ಮ ಜಿಲ್ಲೆಯನ್ನೇ ನೋಡಿ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಅಂದರೆ ನಮ್ಮದು ಹಳೇ ಸೀರೆಗಳ ತುಂಡು ಜೋಡಿಸಿ ಅವ್ವ ಹೊಲಿದ ಕೌದಿಯಂಥ ಜಿಲ್ಲೆ. ಹೊನ್ನಾಳಿಯಿಂದ ರಾಣೇಬೆನ್ನೂರು ಕಡೆ ಸಾಗಿದಂತೆ ‘ಮನೆ’ ‘ಮನಿ’ಯಾಗುತ್ತದೆ, ‘ಐತೆ’ ‘ಐತಿ’ಯಾಗುತ್ತದೆ. ಚನ್ನಗಿರಿಯ ಅಡಿಕೆ ತೋಟದಲ್ಲಿ ಕೇಳುವ ಧಾಟಿ ಬೇರೆ, ಜಗಳೂರಿನ ಬಯಲುಸೀಮೆಯಲ್ಲಿ ಕೇಳುವ ಧಾಟಿ ಬೇರೆ. ಇದರಲ್ಲಿ ಯಾವ ತುಂಡನ್ನು ಕಿತ್ತು ಬಿಸಾಡುತ್ತೀರಿ? ಒಂದು ತುಂಡು ಕಿತ್ತರೂ ಚಳಿ ಒಳಗೆ ಬರುತ್ತದೆ.

ಇನ್ನೂ ಒಂದು ಮಾತು. ತಿಳಿಯದೆ ನಕ್ಕರೆ ಅರ್ಥವೇ ಕೆಡುತ್ತದೆ. ಬೆಂಗಳೂರಿನಲ್ಲಿ “ನೀನು ಒಳಗೆ ಬರಂಗಿಲ್ಲ” ಎಂದರೆ ಬರಬಾರದು ಎಂಬ ತಾಕೀತು. ಧಾರವಾಡ, ಹಾವೇರಿ ಕಡೆ “ಅಂವ ಬರಂಗಿಲ್ಲ” ಎಂದರೆ ಅವನು ಬರುವುದಿಲ್ಲ ಎಂದಷ್ಟೇ. ಮಾತು ಒಂದೇ, ಎರಡು ಊರು, ಎರಡು ಅರ್ಥ. ಆ ಕಡೆಯ ಹುಡುಗಿ ಇಲ್ಲಿ ಬಂದು ಹಾಗೆಂದರೆ “ಒರಟಾಗಿ ಮಾತಾಡ್ತಾಳೆ” ಎನ್ನುವವರು ಇದ್ದಾರೆ. ಒರಟುತನ ಯಾರದು? ಆಡಿದವಳದೋ, ಅರ್ಥ ಮಾಡಿಕೊಳ್ಳದವನದೋ?

ವಾಸುಕಿಗೇ ಬೇಸರ ಬಂದಿತ್ತು

“ಇಲ್ಲ ಸ್ವಾಮಿ, ಶುದ್ಧ ಕನ್ನಡ ಎಂಬುದು ಒಂದಿದೆ, ಅದು ಹಿರಿಯರು ಕೊಟ್ಟದ್ದು” ಎನ್ನುವವರು ಇದ್ದಾರೆ. ಸರಿ, ಹಿರಿಯರನ್ನೇ ಕೇಳೋಣ.

ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ ‘ಕವಿರಾಜಮಾರ್ಗ’. ರಾಷ್ಟ್ರಕೂಟರ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ ಹುಟ್ಟಿದ್ದು. ಕಾವೇರಿಯಿಂದ ಗೋದಾವರಿಯವರೆಗೆ ನಾಡಿತ್ತೆಂದು ನಾವು ಪ್ರತಿ ಭಾಷಣದಲ್ಲೂ ಹೇಳುತ್ತೇವಲ್ಲ, ಅದು ಆ ಗ್ರಂಥದ ಮಾತೇ. ಆದರೆ ಅದೇ ಗ್ರಂಥದಲ್ಲಿರುವ ಇನ್ನೊಂದು ಮಾತನ್ನು ನಾವು ಹೇಳುವುದಿಲ್ಲ. ಕನ್ನಡಗಳಲ್ಲಿ ಇಂತಿಷ್ಟೇ ದೋಷವಿದೆ ಎಂದು ಎಣಿಸಲು ಹೊರಟರೆ ಸಾಕ್ಷಾತ್ ವಾಸುಕಿಯೂ ಅರಿಯಲಾರದೆ ಬೇಸರಪಟ್ಟಾನು, ಏಕೆಂದರೆ ಒಂದೊಂದು ಕಡೆಯ ದೇಸಿಯೂ ಬೇರೆ ಬೇರೆ ಎಂಬ ಅರ್ಥದ ಮಾತು ಅಲ್ಲಿದೆ. ಗಮನಿಸಿ, ‘ಕನ್ನಡ’ ಎನ್ನಲಿಲ್ಲ, ‘ಕನ್ನಡಗಳು’ ಎಂಬ ಬಹುವಚನ! ಸಾವಿರದ ಇನ್ನೂರು ವರ್ಷದ ಹಿಂದೆಯೇ ಕನ್ನಡ ಹಲವಾಗಿತ್ತು. ವಾಸುಕಿಯ ಕೈಲೇ ಆಗದ ಕೆಲಸವನ್ನು ಇವತ್ತು ಮೊಬೈಲು ಹಿಡಿದ ನಮ್ಮ ಪಂಡಿತರು ಮಾಡಲು ಹೊರಟಿದ್ದಾರೆ!

ಅದೇ ಗ್ರಂಥ ಕನ್ನಡದ ತಿರುಳು ಎಲ್ಲಿದೆ ಎಂದೂ ಹೇಳುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಿನ ನಾಡು. ಇವತ್ತಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಬಾಗಲಕೋಟೆ, ಕೊಪ್ಪಳ, ಗದಗ, ಬೆಳಗಾವಿ ಜಿಲ್ಲೆಗಳ ಸೀಮೆ. ಯಾವ ಸೀಮೆಯ ಮಾತನ್ನು ನಮ್ಮ ಎಷ್ಟೋ ಸಿನಿಮಾಗಳಲ್ಲಿ ನಗೆಪಾತ್ರಕ್ಕೆ, ಮನೆಯಾಳಿನ ಪಾತ್ರಕ್ಕೆ ಇಟ್ಟಿದ್ದಾರೋ ಅದೇ ಸೀಮೆಯ ಮಾತು ಅಂದು ತಿರುಳ್ಗನ್ನಡ. ಇಂದು? 1956ರ ಏಕೀಕರಣದ ನಂತರ ರಾಜಧಾನಿ ಬೆಂಗಳೂರು. ಆಡಳಿತ ಇಲ್ಲಿ, ಪಠ್ಯಪುಸ್ತಕ ಇಲ್ಲಿ, ಸಿನಿಮಾ ಇಲ್ಲಿ, ದೊಡ್ಡ ಪತ್ರಿಕೆಗಳು ಇಲ್ಲಿ. ಅಧಿಕಾರ ಎಲ್ಲಿ ಕೂತಿತೋ ಅಲ್ಲಿನ ಮಾತು ‘ಶುದ್ಧ’ವಾಯಿತು. ಅಂದು ಅವರದು, ಇಂದು ಇವರದು. ಶುದ್ಧಿ ಮಾತಿನೊಳಗೆ ಇರಲಿಲ್ಲ, ಸಿಂಹಾಸನದ ಕೆಳಗೆ ಇತ್ತು.

ಇನ್ನು ‘ಹ’ಕಾರದ ಕತೆ. ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಹಾಲಿಗೆ ‘ಆಲು’ ಎನ್ನುತ್ತಾರೆ, ಹೂವಿಗೆ ‘ಊವು’ ಎನ್ನುತ್ತಾರೆ. ನಮಗೆ ನಗು. ಆದರೆ ಪಂಪನ ಕಾಲದಲ್ಲಿ ಹಾಲು ‘ಪಾಲ್’ ಆಗಿತ್ತು. ಹುಲಿ ‘ಪುಲಿ’, ಹೆಸರು ‘ಪೆಸರ್’, ಹಳ್ಳಿ ‘ಪಳ್ಳಿ’, ಹೋಗು ‘ಪೋಗು’. ನಮ್ಮ ಹೊನ್ನಾಳಿಯ ಹೆಸರಿನಲ್ಲಿ ಕೇಳುವ ‘ಹೊನ್ನು’ ಕೂಡ ಅಂದು ‘ಪೊನ್’. ಜನರ ಬಾಯಲ್ಲಿ ‘ಪ’ ಸವೆದು ‘ಹ’ ಆಯಿತು. ‘ಪಾಲ್’ ಎನ್ನುತ್ತಿದ್ದವರ ಕಿವಿಗೆ ‘ಹಾಲು’ ಎಂಬುದು ಮೊದಲ ದಿನ ಹೇಗೆ ಕೇಳಿಸಿರಬೇಕು! ಅಂದು ಎಲ್ಲರೂ ನಕ್ಕು ಬಾಯಿ ಮುಚ್ಚಿಸಿದ್ದರೆ ಇಂದು ನಮ್ಮ ನಿಮ್ಮ ಕನ್ನಡವೇ ಇರುತ್ತಿರಲಿಲ್ಲ. ಹದಿಮೂರನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಎಲ್ಲಿ ಹಳೆಯ ‘ೞ’ಕಾರ ಬರಬೇಕು, ಎಲ್ಲಿ ‘ಳ’ಕಾರ ಬರಬೇಕು ಎಂದು ಬಿಡಿಸಿ ಹೇಳಬೇಕಾಯಿತು. ಹೇಳಬೇಕಾಗಿ ಬಂತು ಎಂದರೆ ಜನ ಬೆರೆಸತೊಡಗಿದ್ದರು ಎಂದೇ ಅರ್ಥ. ಆ ‘ೞ’ ಇವತ್ತು ನಮ್ಮ ಬಾಯಲ್ಲೂ ಇಲ್ಲ, ಬರವಣಿಗೆಯಲ್ಲೂ ಇಲ್ಲ. ‘ಮಳೆ’ ಎಂದು ಬರೆಯುವ ನಾವೆಲ್ಲರೂ ಆ ಲೆಕ್ಕದಲ್ಲಿ ತಪ್ಪು ಕನ್ನಡಿಗರೇ!

ಸಿರಿಗನ್ನಡದ ‘ಸಿರಿ’

ಈಗ ಕಾಗುಣಿತಕ್ಕೆ ಬರೋಣ. ಹುಡುಗ ‘ಶುಭಾಶಯ’ವನ್ನು ‘ಸುಭಾಶಯ’ ಎಂದ. ‘ಶಾಲೆ’ಯನ್ನು ‘ಸಾಲೆ’ ಎನ್ನುತ್ತಾರೆ, ‘ಭಾಷೆ’ಯನ್ನು ‘ಬಾಷೆ’ ಎಂದು ಬರೆಯುತ್ತಾರೆ ಎಂದು ನಮಗೆ ತಲೆಬಿಸಿ.

ನಾವು ಸಭೆಯ ಕೊನೆಯಲ್ಲಿ ಮುಷ್ಟಿ ಎತ್ತಿ ಏನು ಕೂಗುತ್ತೇವೆ? ‘ಸಿರಿಗನ್ನಡಂ ಗೆಲ್ಗೆ!’ ಈ ‘ಸಿರಿ’ ಎಲ್ಲಿಂದ ಬಂತು? ಸಂಸ್ಕೃತದ ‘ಶ್ರೀ’ ಕನ್ನಡಿಗರ ಬಾಯಲ್ಲಿ ಮೆದುವಾಗಿ ‘ಸಿರಿ’ಯಾಯಿತು. ‘ಶುಭಾಶಯ’ದ ‘ಶು’ ‘ಸು’ ಆದ ಹಾಗೆಯೇ! ಒಂದನ್ನು ಬಾವುಟದ ಮೇಲೆ ಬರೆದಿದ್ದೇವೆ, ಇನ್ನೊಂದರ ಸುತ್ತ ಕೆಂಪು ಗೆರೆ ಎಳೆದಿದ್ದೇವೆ. ಶಾಲೆಯಲ್ಲಿ ತತ್ಸಮ ತದ್ಭವ ಎಂದು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡೆವಲ್ಲ: ಧ್ವನಿ ‘ದನಿ’, ಕಥೆ ‘ಕತೆ’, ಆಕಾಶ ‘ಆಗಸ’, ಸಂತೋಷ ‘ಸಂತಸ’, ಭಾಷೆ ‘ಬಾಸೆ’. ಇವೆಲ್ಲ ನಮ್ಮ ಹಿರಿಯರ ‘ತಪ್ಪು’ ಉಚ್ಚಾರಣೆಗಳೇ. ಕೇಶಿರಾಜ ಅವುಗಳಿಗೆ ವ್ಯಾಕರಣದಲ್ಲಿ ಒಂದು ಪ್ರಕರಣವನ್ನೇ ಕೊಟ್ಟ. ಗೆರೆ ಎಳೆದು ನಗಲಿಲ್ಲ.

ಮಕ್ಕಳು ಅಲ್ಪಪ್ರಾಣ ಮಹಾಪ್ರಾಣದಲ್ಲಿ ಏಕೆ ಎಡವುತ್ತಾರೆ? ಸೋಮಾರಿಗಳೆಂದೇ? ಅಲ್ಲ. ಅಚ್ಚಕನ್ನಡದ ಮಾತುಗಳಲ್ಲಿ ಮಹಾಪ್ರಾಣ ಇಲ್ಲವೆಂದರೂ ನಡೆಯುತ್ತದೆ. ನೆಲ, ಹೊಲ, ಎತ್ತು, ಬಿತ್ತು, ಕಣ, ರಾಶಿ ಎಂದು ದಿನವಿಡೀ ಮಾತಾಡುವ ಮನೆಯಲ್ಲಿ ಮಗುವಿನ ಕಿವಿಗೆ ‘ಭ’ಕಾರ ಬೀಳುವುದೇ ಅಪರೂಪ. ಆ ಅಕ್ಷರಗಳು ಹೆಚ್ಚಾಗಿ ಸಂಸ್ಕೃತದಿಂದ ಬಂದ ಮಾತುಗಳ ಜೊತೆ ಬಂದವು. ಕಿವಿ ಕೇಳದ್ದನ್ನು ಕೈ ನೆನಪಿಟ್ಟು ಬರೆಯಬೇಕು. ಇದೇ ಕಾರಣಕ್ಕೆ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ಪುಸ್ತಕವನ್ನೇ ಬರೆದು, ಕನ್ನಡಿಗರು ಓದುವಾಗ ಉಚ್ಚರಿಸದ ಅಕ್ಷರಗಳು ಬರಹದಲ್ಲಿ ಏಕೆ ಬೇಕು ಎಂದು ಕೇಳಿದರು. ಅವರ ಮಾತನ್ನು ಒಪ್ಪುವವರಿದ್ದಾರೆ, ಕಟುವಾಗಿ ವಿರೋಧಿಸುವವರೂ ಇದ್ದಾರೆ. ನೀವು ಯಾವ ಕಡೆಯಾದರೂ ಇರಿ. ಆದರೆ ಒಂದನ್ನು ಒಪ್ಪಲೇಬೇಕು. ‘ಬಾಷೆ’ ಎಂದು ಬರೆದವನ ಭಾಷಾಪ್ರೇಮಕ್ಕೆ ಅದರಿಂದ ಒಂದು ಗುಲಗಂಜಿಯಷ್ಟೂ ಕೊರತೆಯಿಲ್ಲ. ತಮಿಳಿನಲ್ಲಿ ಮಹಾಪ್ರಾಣಕ್ಕೆ ಅಕ್ಷರವೇ ಇಲ್ಲ. ಅವರ ಅಭಿಮಾನಕ್ಕೇನು ಬರಗಾಲ ಬಂದಿದೆಯೇ?

ಫ್ರೆಂಚರ ಈರುಳ್ಳಿ

ಈ ರೋಗ ನಮಗೊಬ್ಬರಿಗೇ ಅಂಟಿದ್ದಲ್ಲ. ಭಾಷಾಭಿಮಾನ ಎಂದರೆ ನಮ್ಮವರು ಫ್ರಾನ್ಸ್ ದೇಶದ ಉದಾಹರಣೆ ಕೊಡುತ್ತಾರೆ. ಭಾಷೆ ಕಾಯಲು 1635ರಲ್ಲೇ ಅಕಾಡೆಮಿ ಕಟ್ಟಿದವರು, ಜಾಹೀರಾತಿನಲ್ಲಿ ಫ್ರೆಂಚ್ ಇರಲೇಬೇಕೆಂದು 1994ರಲ್ಲಿ ಕಾನೂನು ಮಾಡಿದವರು. ಅದನ್ನು ನಾವು ಮೆಚ್ಚೋಣ. ಆದರೆ ಅವರ ಇನ್ನೊಂದು ಮುಖವನ್ನೂ ನೋಡಿ.

ಫ್ರೆಂಚಿನ ಕೆಲವು ಕಾಗುಣಿತಗಳನ್ನು ಸರಳ ಮಾಡಬಹುದೆಂದು 1990ರಲ್ಲಿ ಸಲಹೆ ಬಂತು. ಕೆಲವು ಅಕ್ಷರಗಳ ತಲೆ ಮೇಲಿನ ಪುಟ್ಟ ಟೋಪಿಯನ್ನು ತೆಗೆಯಬಹುದು, ಈರುಳ್ಳಿ ಎಂಬ ಪದದಲ್ಲಿ ಉಚ್ಚರಿಸದ ಒಂದು ಅಕ್ಷರವನ್ನು ಬಿಡಬಹುದು, ಹೀಗೆ. 2016ರಲ್ಲಿ ಅದು ಪಠ್ಯಪುಸ್ತಕಕ್ಕೆ ಬರುತ್ತದೆ ಎಂಬ ಸುದ್ದಿ ಹರಡಿದ್ದೇ ತಡ, ಜಾಲತಾಣಗಳಲ್ಲಿ ಭಾಷೆಯೇ ಸತ್ತಂತೆ ಎದೆ ಬಡಿದುಕೊಂಡರು. ಒಂದು ಈರುಳ್ಳಿಗಾಗಿ ಇಷ್ಟು ಕಣ್ಣೀರು! ನಮ್ಮ ಜಗಳೂರಿನ ರೈತ ಅದನ್ನೇ ಬೆಳೆಯುತ್ತಾನೆ. ಈರುಳ್ಳಿ ಎನ್ನಿ, ನೀರುಳ್ಳಿ ಎನ್ನಿ, ಉಳ್ಳಾಗಡ್ಡಿ ಎನ್ನಿ, ಚೀಲದ ತೂಕ ಬದಲಾಗುವುದಿಲ್ಲ. ಅಲ್ಲಿಯೂ ಶಾಲೆ ಒಪ್ಪದ ಕ್ರಿಯಾಪದ ಬಳಸಿದವರನ್ನು ಜಾಲತಾಣದಲ್ಲಿ ಹಿಡಿದು ಅಣಕಿಸುತ್ತಾರೆ. 2018ರಲ್ಲಿ ಮೆಲಾಂಶೋಂ ಎಂಬ ದೊಡ್ಡ ನಾಯಕರೇ ದಕ್ಷಿಣದ ಧಾಟಿಯಲ್ಲಿ ಪ್ರಶ್ನೆ ಕೇಳಿದ ಪತ್ರಕರ್ತೆಯನ್ನು ಅಣಕಿಸಿ, ಯಾರಾದರೂ ಫ್ರೆಂಚಿನಲ್ಲಿ ಪ್ರಶ್ನೆ ಕೇಳಿ ಎಂದರು. ಅವರನ್ನು ಆರಿಸಿ ಕಳಿಸಿದ್ದು ದಕ್ಷಿಣದ ಮಾರ್ಸೇಲ್ ನಗರವೇ! 2020ರ ನವೆಂಬರಿನಲ್ಲಿ ಆ ದೇಶದ ಕೆಳಮನೆ, ಮಾತಿನ ಧಾಟಿ ನೋಡಿ ತಾರತಮ್ಯ ಮಾಡುವುದನ್ನು ತಡೆಯುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅಂದರೆ ರೋಗ ಎಷ್ಟು ಆಳಕ್ಕಿಳಿದಿತ್ತು ಎಂದು ಯೋಚಿಸಿ.

ತಮಾಷೆ ಏನೆಂದರೆ ಆ ಫ್ರೆಂಚೇ ‘ತಪ್ಪು’ ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆ. ಬಹಳ ಹಿಂದೆ ಒಬ್ಬ ಲ್ಯಾಟಿನ್ ಮೇಷ್ಟ್ರು ‘ಇದು ಸರಿ, ಅದಲ್ಲ’ ಎಂದು ಇನ್ನೂರಕ್ಕೂ ಹೆಚ್ಚು ಪದಗಳ ಪಟ್ಟಿ ಮಾಡಿದ್ದ. ಕಿವಿಗೆ ‘ಆರಿಸ್’ ಎನ್ನಬೇಕು, ‘ಒರಿಕ್ಲ’ ಎನ್ನಬಾರದು ಎಂದು ಅದರಲ್ಲಿದೆ. ಇಂದು ಫ್ರೆಂಚಿನಲ್ಲಿ ಕಿವಿಗೆ ‘ಒರೆಯ್’ ಎನ್ನುತ್ತಾರೆ. ಅದು ‘ಒರಿಕ್ಲ’ದ ಮಗಳು! ಮೇಷ್ಟ್ರು ಬೇಡವೆಂದದ್ದೇ ಬದುಕಿತು. ಮೇಷ್ಟ್ರ ಹೆಸರೂ ಉಳಿಯಲಿಲ್ಲ.

ಹಾಗಾದರೆ ವ್ಯಾಕರಣ ಬೇಡವೇ?

ಈಗ ನಿಮ್ಮಲ್ಲಿ ಕೆಲವರು ಗೊಣಗುತ್ತಿದ್ದೀರಿ, ನನಗೆ ಕೇಳಿಸುತ್ತಿದೆ. “ಹಾಗಾದರೆ ಯಾರು ಹೇಗೆ ಬೇಕಾದರೂ ಬರೆಯಬಹುದೇ? ಕನ್ನಡ ಕೆಟ್ಟು ಕೆರ ಹಿಡಿಯುವುದಿಲ್ಲವೇ?”

ಬೇಕು ಬಂಧುಗಳೇ, ವ್ಯಾಕರಣ ಬೇಕು. ಒಂದು ಒಪ್ಪಿತವಾದ ಬರಹದ ಕನ್ನಡ ಬೇಕೇ ಬೇಕು. ಕೋರ್ಟಿನ ತೀರ್ಪಿಗೆ ಬೇಕು, ಪಹಣಿಗೆ ಬೇಕು, ಔಷಧಿಯ ಚೀಟಿಗೆ ಬೇಕು, ಪಠ್ಯಪುಸ್ತಕಕ್ಕೆ ಬೇಕು. ಬೀದರಿನಲ್ಲಿ ಬರೆದದ್ದು ಚಾಮರಾಜನಗರದಲ್ಲಿ ಅರ್ಥವಾಗಬೇಕು. ಆ ಕನ್ನಡವನ್ನು ಪ್ರ‌ತಿಯೊಬ್ಬ ಮಗುವಿಗೂ ಚೆನ್ನಾಗಿ ಕಲಿಸಬೇಕು, ಹಳ್ಳಿಯ ಮಗುವಿಗೆ ಇನ್ನೂ ಚೆನ್ನಾಗಿ ಕಲಿಸಬೇಕು. ಏಕೆಂದರೆ ಕೆಲಸದ ಅರ್ಜಿ ಓದುವವನು ನನ್ನ ಈ ಭಾಷಣ ಕೇಳಿರುವುದಿಲ್ಲ.

ಆದರೆ ತಿದ್ದುವುದು ಬೇರೆ, ಹೀಯಾಳಿಸುವುದು ಬೇರೆ. ತಿದ್ದುವವನು ಪಕ್ಕಕ್ಕೆ ಕರೆದು ಹೇಳುತ್ತಾನೆ. ಹೀಯಾಳಿಸುವವನು ಸಂತೆಯಲ್ಲಿ ಕೂಗುತ್ತಾನೆ. ತಿದ್ದುವವನಿಗೆ ಭಾಷೆಯ ಮೇಲೆ ಪ್ರೀತಿ. ಹೀಯಾಳಿಸುವವನಿಗೆ ತನ್ನ ಮೇಲೆ ಮಾತ್ರ ಪ್ರೀತಿ.

ಮತ್ತು ನಮ್ಮ ಸಿಟ್ಟು ಯಾರ ಮೇಲೆ ಹೋಗಬೇಕು ಎಂಬುದನ್ನು ಮೊದಲು ತೀರ್ಮಾನಿಸೋಣ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಅದಕ್ಕಾಗಿ ಬೀದಿಗಿಳಿದವರು ಯಾರು? ನ್ಯಾಮತಿಯ ಆ ಹುಡುಗನಂಥವರೇ. ಕೋಟಿಗಟ್ಟಲೆ ವ್ಯಾಪಾರ ಮಾಡುವ ಅಂಗಡಿ ಯಂತ್ರದಿಂದ ಅನುವಾದ ಮಾಡಿಸಿ, ಒಬ್ಬ ಕನ್ನಡಿಗನಿಗೂ ತೋರಿಸದೆ, ಅರ್ಥವಿಲ್ಲದ ಕನ್ನಡವನ್ನು ಮಾರುದ್ದದ ಅಕ್ಷರದಲ್ಲಿ ನೇತುಹಾಕಿದರೆ ಅದು ಅವಮಾನ. ಕೂಗಿ ಕೇಳೋಣ. ಸಂಬಳ ಪಡೆಯುವ ಅಧಿಕಾರಿ ತಪ್ಪು ಕನ್ನಡದಲ್ಲಿ ಸುತ್ತೋಲೆ ಹೊರಡಿಸಿದರೆ ಅದು ಕರ್ತವ್ಯಲೋಪ. ಅರ್ಜಿ ಬರೆದು ಕೇಳೋಣ. ಕನ್ನಡ ಬರೆಯುವುದಕ್ಕೆ ದುಡ್ಡು ಪಡೆಯುವವನು ಸರಿಯಾಗಿ ಬರೆಯಲೇಬೇಕು. ಪ್ರೀತಿಯಿಂದ ಬರೆಯುವವನು ತಪ್ಪಿದರೆ ಕೈ ಹಿಡಿದು ನಡೆಸಬೇಕು. ಈಗ ನಾವು ಮಾಡುತ್ತಿರುವುದು ಇದರ ತಿರುವುಮುರುವು. ಮೇಲಿನವರಿಗೆ ಸಹನೆ, ಕೆಳಗಿನವರಿಗೆ ಸಿಟ್ಟು!

2021ರ ಜೂನ್ ತಿಂಗಳು ನೆನಪಿದೆಯೇ? ಭಾರತದ ಕುರೂಪಿ ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಹುಡುಕಿದರೆ ಕನ್ನಡದ ಹೆಸರು ಬರುತ್ತಿತ್ತು. ನಾಡಿಗೆ ನಾಡೇ ಎದ್ದು ನಿಂತಿತು. ಆ ಕಂಪನಿ ಕ್ಷಮೆ ಕೇಳಿತು. ಸರಿಯಾಗಿಯೇ ಮಾಡಿದೆವು. ಆದರೆ ಅದೇ ಮಾತನ್ನು ನಾವು ದಿನಾ ನಮ್ಮವರಿಗೆ ಹೇಳುತ್ತಿಲ್ಲವೇ? “ಅದೆಂಥಾ ಕನ್ನಡವೋ, ಕಿವಿಗೆ ಕಾಸಿದ ಸೀಸ” ಎಂದು? ಯಂತ್ರ ಹೇಳಿದರೆ ಕ್ಷಮೆ ಕೇಳಿಸುತ್ತೇವೆ. ನಾವು ಹೇಳಿದರೆ ಯಾರು ಕ್ಷಮೆ ಕೇಳುವವರು?

ದೇವನೂರ ಮಹಾದೇವ ಅವರು ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದರು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಜಗಳೂರಿಗೆ ನೆರೆಯಾದ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ಗೆ 2007ರಲ್ಲಿ ಬಂತು. ಧಾರವಾಡದ ಕನ್ನಡವನ್ನು ಹಾಡಾಗಿಸಿದ ಬೇಂದ್ರೆಯವರಿಗೆ ಜ್ಞಾನಪೀಠವೇ ಬಂತು. ಆ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತೇವೆ. ಅದೇ ಮಾತನ್ನು ಫೋನಿನಲ್ಲಿ ಬರೆದ ಹುಡುಗನನ್ನು ಹರಾಜು ಹಾಕುತ್ತೇವೆ. ಎಂಥ ನ್ಯಾಯ!

ನಾವು ಮಾಡಬೇಕಾದ್ದು

ಕೊನೆಯದಾಗಿ ಒಂದು ನೆನಪು. 1967ರಲ್ಲಿ ಲೋಕಸಭೆಯಲ್ಲಿ ಮೊಟ್ಟಮೊದಲು ಕನ್ನಡದಲ್ಲಿ ಮಾತಾಡಿದವರು ಜೆ.ಎಚ್. ಪಟೇಲರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, ನಮ್ಮವರು. ಆ ಸದನದಲ್ಲಿ ಹೆಚ್ಚಿನವರಿಗೆ ಕನ್ನಡ ಅರ್ಥವಾಗುತ್ತಿರಲಿಲ್ಲ. ಆದರೂ ಅವರು ಬಾಯಿ ತೆರೆದರು. ಭಾಷೆ ಉಳಿಯುವುದು ಬಾಯಿ ತೆರೆಯುವವರಿಂದ. ಬಾಯಿ ಮುಚ್ಚಿಸುವವರಿಂದ ಅಲ್ಲ.

ಆದ್ದರಿಂದ ಇವತ್ತು ನಿಮ್ಮಲ್ಲಿ ಮೂರೇ ಕೋರಿಕೆ. ಒಂದು, ಯಾರದೇ ಕನ್ನಡದ ತಪ್ಪನ್ನು ಹತ್ತು ಜನರ ಮುಂದೆ ಎತ್ತಿ ಆಡಬೇಡಿ. ತಿಳಿಸಬೇಕೆನಿಸಿದರೆ ಅವರೊಬ್ಬರಿಗೇ, ಮರ್ಯಾದೆಯಿಂದ ತಿಳಿಸಿ. ಎರಡು, ಊರಿಗೆ ಫೋನು ಮಾಡಿದಾಗ ಆಡುವ ಕನ್ನಡವನ್ನು ಬೆಂಗಳೂರಿನ ಗೆಳೆಯರ ಮುಂದೆಯೂ ಆಡಿ, ಬರೆಯಿರಿ. ಮೆಜೆಸ್ಟಿಕ್‌ನಲ್ಲಿ ಬಸ್ಸು ಇಳಿಯುವಾಗ ನಾಲಿಗೆಯನ್ನು ಬ್ಯಾಗಿನೊಳಗೆ ಮಡಚಿ ಇಡಬೇಡಿ. ಮೂರು, ಕನ್ನಡ ಬರೆಯಲು ಹಿಂಜರಿಯುವ ಒಬ್ಬೊಬ್ಬರನ್ನು ನೀವು ಒಬ್ಬೊಬ್ಬರು ಜೊತೆಗೆ ಕರೆದುಕೊಳ್ಳಿ. ವಾರಕ್ಕೆ ನಾಲ್ಕು ಸಾಲು ಬರೆಸಿ.

ನಾನು ಆ ಹುಡುಗನ ಬಳಿ ಕ್ಷಮೆ ಕೇಳಿದೆ. ಅವನು “ಬಿಡಣ್ಣ, ಅದ್ಯಾತರದ್ದು” ಎಂದ. ಬಿಟ್ಟರೆ ನಡೆಯುವುದಿಲ್ಲವೆಂದು ಈ ಸಭೆಯ ಕರೆಯೋಲೆ ಬರೆಯುವ ಕೆಲಸವನ್ನು ಅವನಿಗೇ ಒಪ್ಪಿಸಿದೆ. ಬರೆದುಕೊಂಡು ಬಂದ. ಇಬ್ಬರೂ ಕೂತು ಓದಿದೆವು. ‘ಹಾರ್ದಿಕ’ ಎಂಬುದಕ್ಕೆ ‘ಹ’ಕಾರ ಏಕೆ ಬರುತ್ತದೆ ಎಂದು ಹೇಳಿದೆ, ಹೃದಯದಿಂದ ಬಂದದ್ದು ಅದಕ್ಕೆ ಎಂದೆ. ಅವನು ತಕ್ಷಣ ತಿದ್ದಿಕೊಂಡ. ಕೊನೆಯ ಸಾಲಿಗೆ ಬಂದಾಗ ಅವನೇ ಪೆನ್ನು ಎತ್ತಿ, “ಇದನ್ನೂ ‘ಸೇರೋಣ’ ಅಂತ ಮಾಡ್ಲಾ ಅಣ್ಣ?” ಎಂದು ಕೇಳಿದ. ಬೇಡ ಎಂದೆ. ನಿಮ್ಮೆಲ್ಲರ ಕೈಯಲ್ಲಿ ಈಗ ಇರುವ ಕರೆಯೋಲೆ ಅದೇ. ಕೊನೆಯ ಸಾಲು ನೋಡಿ: “ಎಲ್ಲಾರೂ ಬರ್ರಿ, ಒಂದು ದಿನ ಕೂಡಿ ಸೇರಾನ.”

ನೀವೆಲ್ಲ ಓದಿದಿರಿ. ಒಬ್ಬರೂ ತಪ್ಪು ತಿಳಿಯಲಿಲ್ಲ. ಎಲ್ಲಾರೂ ಬಂದಿದ್ದೀರಿ.

ಸಿರಿಗನ್ನಡಂ ಗೆಲ್ಗೆ!